ಗಿಟಾರಿನ ಮೇಲಿಟ್ಟ ಗದ್ದ

ಬ್ಯಾಡಗಿಯಿಂದ ಫೋನು ಬಂತು. ಕಾಕಾ ಹೋದರು ಎಂದು ಅವರ ಮಗ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು ‘ಖರೇನ?’ ಎಂಬುದು. ಸಾವಿನ ಸುದ್ದಿ ತಿಳಿಸುತ್ತಿರುವವನಿಗೆ ಕೇಳುವ ಮಾತೇ ಅದು? ನಾಲಿಗೆ ಕಚ್ಚಿಕೊಂಡೆ. ಆದರೆ ಅದು ಕಾಕಾನೇ ನನಗೆ ಅಂಟಿಸಿಹೋದ ರೋಗ. ಯಾರು ಏನು ಹೇಳಿದರೂ ಅವರು ಮೊದಲು ಕೇಳುತ್ತಿದ್ದುದು ಇಷ್ಟು: ಖರೇನ, ಯಾರು ಹೇಳಿದರು, ಹೇಳಿದವರು ಕಣ್ಣಾರೆ ಕಂಡಿದ್ದಾರೋ ಇಲ್ಲವೋ. ತಮ್ಮ ಸಾವಿನ ಸುದ್ದಿಯನ್ನೂ ಒಬ್ಬಳು ತಟ್ಟನೆ ನಂಬಲಿಲ್ಲ ಎಂದು ತಿಳಿದಿದ್ದರೆ ಪುಣ್ಯಾತ್ಮ ಖುಷಿಯೇ ಪಡುತ್ತಿದ್ದರು.

ಅವರು ನನಗೆ ಸಂಬಂಧದಿಂದ ಕಾಕಾ ಅಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಖರೀದಿದಾರರು, ಇದ್ದುಳ್ಳವರು. ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಶಿಕ್ಷಕಿ. ಊರವರಂತೆ ಅವರೂ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಿದ್ದರು. ನನಗೆ ಹಾಡುವ ಚಟ, ಅವರಿಗೆ ಗಿಟಾರಿನ ಚಟ. ನಮ್ಮಿಬ್ಬರನ್ನು ಕೂಡಿಸಿದವರು ರಾಣೆಬೆನ್ನೂರಿನಲ್ಲಿ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ ಭಾಯಿ. ಭಾನುವಾರ ಸಂಜೆ ಭಾಯಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಪೀಕರ್ ಡಬ್ಬಗಳ ನಡುವೆ ನಮ್ಮ ಬೈಠಕ್ಕು. ನಾನು ಭಾವಗೀತೆ ಹಾಡುವುದು, ಕಾಕಾ ನುಡಿಸುವುದು, ಭಾಯಿ ಚಹಾ ತರಿಸುತ್ತ ತಮ್ಮನ್ನು ತಾವೇ ಹೊಗಳಿಕೊಳ್ಳುವುದು. ತಾವಿಲ್ಲದಿದ್ದರೆ ಜಿಲ್ಲೆಯ ಅರ್ಧ ಮದುವೆಗಳು ಮೂಕಾಗುತ್ತಿದ್ದವು ಎಂದು ಭಾಯಿಯ ನಂಬಿಕೆ. ಯಾರಾದರೂ ಅವರ ಮೈಕಿನ ಬಗ್ಗೆ ಹಗುರವಾಗಿ ಮಾತಾಡಿದರೆ ಮುಗಿಯಿತು. ವಾರಗಟ್ಟಲೆ ಅದಕ್ಕೆ ಉತ್ತರ ಕೊಡುತ್ತಲೇ ಇರುತ್ತಿದ್ದರು.

ಮೊದಲ ದಿನವೇ ಕಾಕಾ ನನ್ನ ಶ್ರುತಿಪೆಟ್ಟಿಗೆಗೆ ಕಿವಿ ಹಚ್ಚಿ, ಆಮೇಲೆ ಅದನ್ನು ತಲೆಕೆಳಗು ಮಾಡಿ ನೋಡಿದರು. ಕರೆಂಟಿನ ಪೆಟ್ಟಿಗೆ ಅದು. ಉಸಿರು ತೆಗೆದುಕೊಳ್ಳದೆ ಒಂದೇ ಸಮ ಹಾಡುವುದನ್ನು ನಂಬಬಾರದು ಅಂದರು. ಹೋಟೆಲಿನಲ್ಲಿ ಚಹಾ ಬಂದರೆ ಕಪ್ಪಿನ ಕೆಳಗಿನ ಬಸಿಗೆ ಒಂದಿಷ್ಟು ಬಗ್ಗಿಸಿ ಬಣ್ಣ ಪರೀಕ್ಷಿಸಬೇಕು. ಬಸ್ಸು ಹತ್ತುವ ಮೊದಲು ಬೋರ್ಡು ಓದಬೇಕು, ಕಂಡಕ್ಟರನನ್ನು ಕೇಳಬೇಕು, ಡ್ರೈವರನನ್ನು ಕೇಳಬೇಕು, ಕಿಟಕಿಯಲ್ಲಿ ಕುಳಿತ ಮುದುಕಿಯನ್ನೂ ಕೇಳಬೇಕು. ಒಮ್ಮೆ ಎಲ್ಲರೂ ಹಾವೇರಿ ಎಂದೇ ಹೇಳಿದ್ದಕ್ಕೆ ಅವರಿಗೆ ಗುಮಾನಿ ಬಂದು, ಇಷ್ಟು ಮಂದಿ ಒಂದೇ ಮಾತು ಆಡುತ್ತಾರೆಂದರೆ ಏನೋ ಇದೆ ಎಂದು ಇಳಿದುಬಿಟ್ಟರು. ಆ ಬಸ್ಸು ನೆಟ್ಟಗೆ ಹಾವೇರಿಗೇ ಹೋಯಿತು. ಇವರು ಗುತ್ತಲಕ್ಕೆ ಹೋಗುವ ಬಸ್ಸು ಹತ್ತಿ, ನಡುವೆ ಎಲ್ಲೋ ಇಳಿದು, ಟೆಂಪೊ ಹಿಡಿದು ಬಂದರು.

ಈ ಗುಮಾನಿ ಅವರ ಹುಟ್ಟುಗುಣವೋ ಕಸುಬಿನಿಂದ ಬಂದದ್ದೋ ಹೇಳಲಾರೆ. ಬ್ಯಾಡಗಿ ಪೇಟೆಯಲ್ಲಿ ಎಲ್ಲರೂ ಎಲ್ಲರನ್ನೂ ಸ್ವಲ್ಪ ಸಂಶಯಿಸುತ್ತಾರೆ. ಕಾಯಿಗೆ ಮಿಂಚು ಬರಲೆಂದು ಯಾರೋ ಎಣ್ಣೆ ಸವರಿರುತ್ತಾರೆ, ತೂಕ ಬರಲೆಂದು ಯಾರೋ ನೀರು ಚಿಮುಕಿಸಿರುತ್ತಾರೆ, ಮೇಲೆ ಚಲೋ ಕಾಯಿ ಹರಡಿ ಒಳಗೆ ಬಿಳಿಚಿಕೊಂಡದ್ದನ್ನು ತುಂಬಿರುತ್ತಾರೆ. ಖರೀದಿದಾರರು ರಾಶಿಯಿಂದ ರಾಶಿಗೆ ಹೋಗಿ, ಪರೀಕ್ಷಿಸಿ, ಚೀಟಿಯಲ್ಲಿ ದರ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕಬೇಕು. ಒಬ್ಬರು ಹಿಚುಕಿ ನೋಡುತ್ತಾರೆ, ಒಬ್ಬರು ಮೂಸುತ್ತಾರೆ. ನಮ್ಮ ಕಾಕಾ ಮೊಳಕೈವರೆಗೆ ರಾಶಿಯೊಳಗೆ ತೋಳು ತೂರಿಸಿ, ತಳದ ಕಾಯೊಂದನ್ನು ಎಳೆದು, ತೊಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಿಲಿಗಿಲಿ ಅನ್ನುತ್ತದೆ, ನೀರು ಕುಡಿದದ್ದಾದರೆ ಗಪ್ಪಗಿರುತ್ತದೆ. ಅವರು ತಲೆದೂಗಿದ ರಾಶಿಗೆ ಉಳಿದವರು ಮರುಮಾತಿಲ್ಲದೆ ದರ ಏರಿಸುತ್ತಿದ್ದರು. ‘ಕಾಕಾನ ಕಿವಿ’ ಎಂದರೆ ಪೇಟೆಯಲ್ಲಿ ಅಷ್ಟು ನಡೆಯುತ್ತಿತ್ತು. ಆ ಕಿವಿಯ ಮೇಲೆಯೇ ಅವರ ಅಂಗಡಿ, ಅವರ ಮರ್ಯಾದೆ, ಎಲ್ಲ ನಿಂತಿದ್ದುದು. ಅದು ಹೋಯಿತೆಂದು ಪೇಟೆಗೆ ಗೊತ್ತಾದರೆ ಮರುದಿನದಿಂದ ಅವರ ಚೀಟಿಯನ್ನು ಕೇಳುವವರು ಇರುತ್ತಿರಲಿಲ್ಲ.

ಗಿಟಾರನ್ನು ಅವರು ಹುಬ್ಬಳ್ಳಿಯಲ್ಲಿ ಓದುವ ಕಾಲಕ್ಕೆ, ರೈಲ್ವೆ ಕ್ವಾರ್ಟರ್ಸಿನಿಂದ ಊರು ಬಿಡುತ್ತಿದ್ದ ಒಬ್ಬರಿಂದ ಕೊಂಡಿದ್ದರು. ಹಳೇ ಬೆಲ್ಲದ ಬಣ್ಣದ ಕಟ್ಟಿಗೆ, ಉಕ್ಕಿನ ತಂತಿ. ಒಳಗೆ ಇಣುಕಿದರೆ ಯಾವ ಕಂಪನಿಯ ಚೀಟಿಯೂ ಇಲ್ಲ. ಹೆಸರು ಬರೆದಿದ್ದರೆ ಅದು ಸುಳ್ಳಿರಬಹುದಾಗಿತ್ತು, ಇಲ್ಲದ್ದೇ ಚಲೋ ಎಂದು ಅವರ ವಾದ. ಅದರ ದನಿ ಮಾತ್ರ ದೇವರಾಣೆ ಚೆಂದ. ಒಂದು ತಂತಿ ಮೀಟಿದರೆ ಸ್ವರ ಮುಗಿದ ಮೇಲೂ ಕಟ್ಟಿಗೆಯ ಹೊಟ್ಟೆಯೊಳಗೆ ಅದು ಸುತ್ತಾಡುತ್ತ ಉಳಿಯುತ್ತಿತ್ತು. ನನಗೆ ಶ್ರುತಿಪೆಟ್ಟಿಗೆ ಬೇಡವಾದದ್ದು ಅದರಿಂದಲೇ.

ಬರಬರುತ್ತ ಅವರು ನುಡಿಸುವಾಗ ಗಿಟಾರಿನ ಹೆಗಲಿಗೆ ಗದ್ದ ಊರುವುದನ್ನು ಕಲಿತರು. ಬಾಗಿ, ಕಣ್ಣು ಮುಚ್ಚಿ, ಗದ್ದವನ್ನು ಆ ಅಂಚಿಗೆ ಒತ್ತಿ ಹಿಡಿದು ನುಡಿಸುವುದು. ಆಗೀಗ ನಡೆಯುತ್ತಿದ್ದ ನಮ್ಮ ಸಣ್ಣ ಕಾರ್ಯಕ್ರಮಗಳಿಗೆ ಬಂದ ಹುಡುಗಿಯರು ಅಜ್ಜಾರು ನಿದ್ದೆ ಹೊಡೆಯುತ್ತಿದ್ದಾರೆಂದು ನಗುತ್ತಿದ್ದರು. ನಾನು ಅದು ಠೀವಿ ಅಂದುಕೊಂಡೆ. ವಯಸ್ಸಾದ ಗಂಡಸರಿಗೆ ಇಂಥದೊಂದು ಬೇಕಾಗುತ್ತದಲ್ಲ.

ಒಂದು ವರ್ಷ ಅವರ ಪಾಲುದಾರ ದಲಾಲರೊಬ್ಬರ ಮಗಳ ಮದುವೆ ಆರತಕ್ಷತೆ ಹಾವೇರಿಯ ದೊಡ್ಡ ಮಂಗಲ ಕಾರ್ಯಾಲಯದಲ್ಲಿ. ನಮ್ಮನ್ನು ಹಾಡಲು ಕರೆದರು. ಕಾಕಾ ಅದುವರೆಗೆ ತಮ್ಮ ಪೇಟೆಯ ಜನರೆದುರು ನುಡಿಸಿದವರೇ ಅಲ್ಲ. ಒಳಗೊಳಗೇ ಹಿಗ್ಗು, ಮೇಲೆ ಗುಮಾನಿ. ಅಷ್ಟು ದೊಡ್ಡ ಹಾಲಿನಲ್ಲಿ, ಮಂದಿಯ ಗದ್ದಲದಲ್ಲಿ ಗಿಟಾರು ಕೇಳಿಸುವುದೆಂತು? ಎದುರಿಗೆ ಮೈಕಿಟ್ಟು ದನಿ ಏರಿಸಿದರೆ ಅದು ಕುಂಯ್ ಎಂದು ಕೂಗುತ್ತದೆ. ಗಿಟಾರಿನಲ್ಲೇ ಕುಳಿತು ದನಿಯನ್ನು ಸ್ಪೀಕರಿಗೆ ಒಯ್ಯುವ ಪಿಕಪ್ ಹಾಕಿಸಲೇಬೇಕು ಎಂದು ಭಾಯಿ ಹೇಳಿ, ಹುಬ್ಬಳ್ಳಿಗೆ ಹೋಗಿ ಮೂರು ನಮೂನೆಯವನ್ನು ಪರೀಕ್ಷೆಗೆಂದು ತಂದೇಬಿಟ್ಟರು.

ಆ ಸಂಜೆ ಹೆಣ್ಣು ನೋಡುವ ಶಾಸ್ತ್ರದಂತೆ ನಡೆಯಿತು. ಮೊದಲನೆಯದು ಗಿಟಾರಿನ ಬಾಯಿಗೆ ಅಡ್ಡ ಕೂಡಿಸುವ ಅಯಸ್ಕಾಂತದ ಪಟ್ಟಿ. ಅದು ಉಕ್ಕಿನ ತಂತಿಯ ನಡುಕವನ್ನಷ್ಟೇ ಹಿಡಿಯುತ್ತದೆ. ಕಾಕಾ ನಾಲ್ಕು ಸ್ವರ ನುಡಿಸಿ ಕೈ ತೆಗೆದರು.

“ತಂತಿ ಮಾತಾಡಾಕತ್ತಾವ, ಕಟಗಿ ಸುಮ್ಮನ ಕುಂತೈತಿ. ಬ್ಯಾಡ.”

ಎರಡನೆಯದು ನಾಣ್ಯದಂಥ ಬಿಲ್ಲೆ, ಒಳಗಿನಿಂದ ಹಲಗೆಗೆ ಅಂಟಿಸುವಂಥದು. ಅದರಲ್ಲಿ ಕಟ್ಟಿಗೆಯ ದನಿ ಬಂತು, ನಿಜ. ಅದರ ಜೊತೆಗೆ ಕಾಕಾನ ಉಂಗುರ ತಾಗಿದ್ದು, ಅಂಗಿಯ ತೋಳು ಉಜ್ಜಿದ್ದು, ಬೆರಳು ಬಡಿದದ್ದು, ಎಲ್ಲವೂ ಸ್ಪೀಕರಿನಲ್ಲಿ ಬಾಗಿಲು ಬಡಿದ ಹಾಗೆ ಬಂದವು. ಇದು ಚಾಡಿಕೋರ, ಮನೆಯೊಳಗಿನದ್ದೆಲ್ಲ ಹೊರಗೆ ಹೇಳುತ್ತದೆ ಎಂದು ಅದನ್ನೂ ತೆಗೆಸಿದರು. ಮೂರನೆಯದು ತೆಳು ಪಟ್ಟಿ. ತಂತಿಗಳು ಹಾದುಹೋಗುವ ಬಿಳಿ ಎಲುಬಿನ ತುಂಡು ಇರುತ್ತದಲ್ಲ, ಅದರ ಕೆಳಗೆ ಕೂಡಿಸಬೇಕು. ಪೂರಾ ಕೂಡಿಸದೆ ಅದರ ಗುಣ ತಿಳಿಯದು. ಕೂಗುವುದಿಲ್ಲ, ಚಾಡಿ ಹೇಳುವುದಿಲ್ಲ, ಆದರೆ ದನಿ ಸ್ವಲ್ಪ ಚೂಪಾಗುತ್ತದೆ ಎಂದು ಭಾಯಿ ಮೊದಲೇ ಹೇಳಿದರು. ಕೂಡಿಸಲು ಎಲುಬಿನ ತಳವನ್ನು ಒಂದಿಷ್ಟು ಅರದಿಂದ ಉಜ್ಜಿ ತೆಗೆಯಬೇಕು, ವೈರಿಗೆ ಸಣ್ಣದೊಂದು ತೂತು ಕೊರೆಯಬೇಕು.

ಹಾಗಾದರೆ ಈ ಮೂರರಲ್ಲಿ ತಮ್ಮ ಗಿಟಾರಿನ ಖರೇ ದನಿ ಯಾವುದರಲ್ಲಿ ಬರುತ್ತದೆ ಎಂದು ಕಾಕಾ ಕೇಳಿದರು.

“ಖರೇ ದನಿ ಇಲ್ಲೆ ನಿಮ್ಮ ತೊಡಿ ಮ್ಯಾಲ ಐತ್ರಿ ಸಾವ್ಕಾರ್ರ,” ಅಂದರು ಭಾಯಿ. “ದೂರದ ಮಂದಿಗೆ ಮುಟ್ಟಸಬೇಕಂದ್ರ ಸ್ವಲ್ಪ ಕಳಕೋಬೇಕಾಗತೈತಿ.”

ಕಾಕಾ ಕೊನೆಗೆ ಮೂರನೆಯದಕ್ಕೆ ಒಪ್ಪಿದರು. ಭಾಯಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿ ಸಡಿಲಿಸಿದರು. ಕಾಕಾ ಎದುರಿಗೇ ಸ್ಟೂಲು ಹಾಕಿಕೊಂಡು, ರೆಪ್ಪೆ ಬಡಿಯದೆ ಕಾವಲು ಕುಳಿತರು. ನಡುವೆ ಬ್ಯಾಡಗಿಯ ಕಡೆಯವರೊಬ್ಬರು ಬಂದು ಚಹಾಕ್ಕೆ ಕರೆದದ್ದೇ ತಪ್ಪಾಯಿತು. ಇವರು ಹೋಗಿ ಬರುವಷ್ಟರಲ್ಲಿ ಎಲುಬು ಮತ್ತೆ ತನ್ನ ಜಾಗದಲ್ಲಿ ಕುಳಿತಿತ್ತು. ವೈರು ಹಚ್ಚುವ ಮೊದಲೇ ಕಾಕಾ ಗದ್ದ ಊರಿ ನುಡಿಸಿದರು. ಮುಖ ಗಂಟಾಯಿತು. ಎಲುಬು ಬದಲಿ ಮಾಡಿದೆಯಾ ಎಂದು ಭಾಯಿಯನ್ನು ಕೇಳಿದರು. ಭಾಯಿ ನಕ್ಕರು. ಎಲುಬಿಗೂ ಕಟ್ಟಿಗೆಗೂ ನಡುವೆ ಒಂದು ಪಟ್ಟಿ ಬಂದು ಕುಳಿತಿದೆ, ಅಷ್ಟು ವ್ಯತ್ಯಾಸ ಆಗಿಯೇ ಆಗುತ್ತದೆ ಎಂದು ವಿವರಿಸಿದರು. ನನಗೂ ದನಿ ಕೂದಲೆಳೆಯಷ್ಟು ತೆಳುವಾದಂತೆ ಅನಿಸಿತು. ಆದರೆ ಕಾಕಾನ ಮುಖದಲ್ಲಿದ್ದ ಸಂಶಯ ಕೂದಲೆಳೆಯದಲ್ಲ.

ಹಾವೇರಿಯ ಆರತಕ್ಷತೆಯಲ್ಲಿ ಮುಂದಿನ ಸಾಲು ಪೂರಾ ಬ್ಯಾಡಗಿ ಪೇಟೆಯೇ. ದಲಾಲರು, ಖರೀದಿದಾರರು, ಅವರ ಮನೆಯವರು. ನಾನು ಎರಡನೆಯ ಹಾಡು ಎತ್ತಿಕೊಂಡಿದ್ದೆ. ಗಿಟಾರು ನನ್ನ ಕಿವಿಗೆ ಚೂಪಾಗಿ, ಹೊಸ ಸ್ಟೀಲಿನ ಪಾತ್ರೆಗಳು ಒಂದಕ್ಕೊಂದು ತಾಗಿದ ಹಾಗೆ ಬರುತ್ತಿತ್ತು. ಭಾಯಿಯ ಕಡೆ ತಿರುಗಿ, ಚೂಪು ಇಳಿಸಿ ಎಂದು ಕೈ ಕೆಳಗೆ ಮಾಡಿದೆ. ಅದೇ ಹೊತ್ತಿಗೆ ಕಾಕಾ ನುಡಿಸುವುದನ್ನು ಒಂದು ಕ್ಷಣ ಬಿಟ್ಟು, ಏರಿಸು, ಇನ್ನೂ ಏರಿಸು ಎಂದು ಕೈ ಮೇಲೆ ಮಾಡುತ್ತಿದ್ದರು. ಭಾಯಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ಕಾಕಾ ನುಡಿಸುವುದನ್ನೇ ನಿಲ್ಲಿಸಿ ವೈರು ಕಿತ್ತರು. ಸ್ಪೀಕರುಗಳು ಢಬ್ ಎಂದವು. ನನ್ನ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, ಆ ತುಂಬಿದ ಹಾಲಿನಲ್ಲಿ ಹೇಳಿದರು:

“ನನ್ನ ಗಿಟಾರಿನ ಎಲಬು ಕದ್ದಾನ ಇಂವ. ಕಂಬಳಿ ಹೊಚ್ಚಿದಂಗ ಬರಾಕತ್ತೈತಿ ದನಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಹಾಡು ನಡುವೆ ಮುರಿದದ್ದಕ್ಕೂ, ಇಷ್ಟು ವರ್ಷದ ಸ್ನೇಹಿತನನ್ನು ಮಂದಿಯೆದುರು ಕಳ್ಳ ಅಂದದ್ದಕ್ಕೂ. ಭಾಯಿ ಈಗ ಏನೆಲ್ಲ ಅನ್ನುತ್ತಾರೋ ಎಂದು ಅವರ ಕಡೆ ತಿರುಗಿದೆ. ಭಾಯಿ ಬಾಯಿ ತೆರೆದರು, ಮುಂದಿನ ಸಾಲನ್ನೊಮ್ಮೆ ನೋಡಿದರು, ಬಾಯಿ ಮುಚ್ಚಿದರು. ನನ್ನ ಹಾಡುಗಳು ಗಿಟಾರಿಲ್ಲದೆ ಮುಗಿಯುವವರೆಗೆ ತಮ್ಮ ಕೆಲಸ ಮಾಡಿ, ವೈರು ಸುತ್ತಿ, ಟೆಂಪೊ ತುಂಬಿಕೊಂಡು ಹೋದರು. ಅಂದಿನಿಂದ ಭಾನುವಾರದ ಬೈಠಕ್ಕು ನಿಂತಿತು.

ಮುಂದಿನ ತಿಂಗಳುಗಳು ಕೆಟ್ಟವು. ಕಾಕಾ ನಮ್ಮ ಮನೆಗೆ ಬಂದಾಗಲೆಲ್ಲ ಅದೇ ಮಾತು. ಹಳೇ ಎಲುಬು ಈಗ ಸಿಗುವುದಿಲ್ಲ, ಅದನ್ನು ಎಗರಿಸಿ ಪ್ಲಾಸ್ಟಿಕ್ಕಿನದು ಇಟ್ಟಿದ್ದಾನೆ, ತಾನು ಚಹಾಕ್ಕೆ ಹೋಗುವುದನ್ನೇ ಕಾದಿದ್ದ, ಚಹಾಕ್ಕೆ ಕರೆದವನೂ ಅವನ ಕಡೆಯವನೇ ಇರಬೇಕು. ಕೇಳಿ ಕೇಳಿ ನನ್ನ ತಲೆಯೂ ಕೆಟ್ಟಿತು. ಅಲ್ಲ, ಭಾಯಿ ಅಂದು ಯಾಕೆ ಉತ್ತರ ಕೊಡಲಿಲ್ಲ? ಮೈಕಿನ ಬಗ್ಗೆ ಒಂದು ಮಾತು ತಾಳದ ಮನುಷ್ಯ, ಕಳ್ಳ ಅನ್ನಿಸಿಕೊಂಡು ಸುಮ್ಮನೆ ಹೋದದ್ದು ಯಾಕೆ?

ಶಾಲೆಯ ಕಾರ್ಯಕ್ರಮಕ್ಕೆ ಮೈಕು ಬೇಕೆಂಬ ನೆಪ ಮಾಡಿಕೊಂಡು ಅವರ ಅಂಗಡಿಗೆ ಹೋದೆ. ನಾನು ಬಂದದ್ದು ಯಾಕೆಂದು ಅವರಿಗೆ ಕುಳಿತ ಕೂಡಲೇ ತಿಳಿಯಿತು. ಎದ್ದು, ಡ್ರಾವರಿನಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು ನನ್ನ ಮುಂದೆ ತೆರೆದರು. ಒಳಗೆ ಬಿಳಿಯ ಪುಡಿ. ಎಲುಬನ್ನು ಉಜ್ಜಿದಾಗ ಉದುರಿದ್ದು. ಸಾವ್ಕಾರರ ಸ್ವಭಾವ ಗೊತ್ತಿದ್ದರಿಂದಲೇ ಜೋಪಾನ ಮಾಡಿದ್ದೇನೆ ಎಂದರು. ಹಾಗಿದ್ದರೆ ಹೋಗಿ ಅವರಿಗೆ ತೋರಿಸಿ, ಜಗಳ ಹರಿಯಲಿ ಅಂದೆ. ತೋರಿಸುವುದಿಲ್ಲ ಎಂದು ಪೆಟ್ಟಿಗೆ ಮುಚ್ಚಿದರು. ಯಾಕೆ ಎಂದರೆ, ಶಾಲೆಗೆ ಮೈಕು ಯಾವತ್ತಿಗೆ ಬೇಕು ಎಂದು ಕೇಳಿದರು. ಮನೆಯವರೆಗೆ ನಡೆಯುತ್ತ ನಾನು ಪೂರ್ತಿ ಕಾಕಾನೇ ಆಗಿಬಿಟ್ಟಿದ್ದೆ. ಪುರಾವೆ ಇದ್ದವನು ತೋರಿಸದೆ ಇರುವುದೇ? ಅದು ಆ ಎಲುಬಿನ ಪುಡಿಯೇ ಎಂದು ಹೇಳುವವರು ಯಾರು?

ಆ ಬೇಸಿಗೆಯಲ್ಲಿ ವರ್ಷದ ಖಾರದ ಪುಡಿಗೆ ಕಾಯಿ ಕೊಳ್ಳಲು ಎಂದಿನಂತೆ ಬ್ಯಾಡಗಿಗೆ ಹೋದೆ. ಕಾಯಿ ಆರಿಸಿಕೊಡುವುದು ಯಾವಾಗಲೂ ಕಾಕಾನೇ. ಪೇಟೆಯೊಳಗೆ ಕಾಲಿಟ್ಟರೆ ಮೂಗಿಗೆ ಸೆರಗು ಬೇಕು, ಅಷ್ಟು ಘಾಟು. ಗುತ್ತಲದ ಕಡೆಯ ರೈತರೊಬ್ಬರ ರಾಶಿಯ ಮುಂದೆ ಕಾಕಾ ಕುಕ್ಕರಗಾಲಿನಲ್ಲಿ ಕುಳಿತು, ತೋಳು ತೂರಿಸಿ ಒಂದು ಕಾಯಿ ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು. ನೀರು ಹೊಡೆದಿದ್ದೀಯ ಎಂದು ರೈತರಿಗೆ ಹೇಳಿದರು. ರೈತರ ಮುಖ ಬಾಡಿತು. ಬಿಸಿಲಿನಿಂದ ಎತ್ತಿ ನೇರ ಇಲ್ಲಿಗೇ ತಂದದ್ದು, ಈ ವರ್ಷ ನೀವು ನಮ್ಮ ಕಡೆಯವರ ಕಾಯಿಗೆಲ್ಲ ಹೀಗೇ ಅನ್ನುತ್ತಿದ್ದೀರಿ ಎಂದು ಗೊಣಗಿದರು.

ಅಲ್ಲಾಡಿಸಿದ್ದು ನನಗೆ ಕೇಳಿಸಿತ್ತು. ಕಾಕಾನ ಹಿಂದೆ, ಎರಡು ಹೆಜ್ಜೆ ಆಚೆ ನಿಂತವಳಿಗೆ ಗಿಲಿಗಿಲಿ ಎಂದು ನಿಚ್ಚಳವಾಗಿ ಕೇಳಿಸಿತ್ತು. ನನ್ನ ಕೈ ತಾನಾಗಿ ಮುಂದೆ ಹೋಗಿ ಆ ಕಾಯನ್ನು ಅವರಿಂದ ತೆಗೆದುಕೊಂಡಿತು. ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದೆ. ತಲೆ ಎತ್ತಿದಾಗ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

“ಕೇಳಸ್ತೇನ್ರಿ ಅಕ್ಕೋರ?” ಅಂದರು, ಮೆಲ್ಲಗೆ.

ಹೌದೆಂದೆ. ಅವರು ಕಾಯನ್ನು ವಾಪಸು ಇಸಿದುಕೊಂಡು ನಡುವೆ ಮುರಿದರು. ಒಣಗಿದ್ದು ಪಟ್ಟನೆ ಮುರಿಯಿತು, ಬೀಜಗಳು ಅಂಗೈ ಮೇಲೆ ಉದುರಿದವು. ಆ ಬೀಜಗಳನ್ನು ಅವರು ಎಷ್ಟು ಹೊತ್ತು ನೋಡಿದರೆಂದರೆ ರೈತರು ಗಾಬರಿಯಾದರು. ಕೊನೆಗೆ ಚೀಟಿ ತೆಗೆದು, ಏನೋ ಬರೆದು, ಮಡಿಸಿ ಪೆಟ್ಟಿಗೆಗೆ ಹಾಕಿ ಬಂದರು. ಅಂದು ಆ ರಾಶಿ ಅವರಿಗೇ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಪೇಟೆಯ ಘಾಟು ಇದ್ದದ್ದು ಅನುಕೂಲವಾಯಿತು.

ಸ್ವಲ್ಪ ದಿನಕ್ಕೆ ಕಾಕಾ ಪೇಟೆ ಬಿಟ್ಟರು ಎಂದು ಕೇಳಿದೆ. ಘಾಟು ಎದೆಗೆ ಆಗಿಬರುತ್ತಿಲ್ಲವಂತೆ, ಮಗ ನೋಡಿಕೊಳ್ಳುತ್ತಾನಂತೆ. ಪೇಟೆಯ ಮಂದಿ ಸನ್ಮಾನ ಮಾಡಿ, ಅಂಥ ಕಿವಿ ಮತ್ತೆ ಹುಟ್ಟುವುದಿಲ್ಲ ಎಂದು ಭಾಷಣ ಮಾಡಿದರಂತೆ. ಇವರು ಶಾಲು ಹೊದ್ದು ಕುಳಿತು ಅದನ್ನು ಕೇಳಿದರಂತೆ. ಎಷ್ಟು ಕೇಳಿಸಿತೋ ದೇವರಿಗೇ ಗೊತ್ತು.

ಮುಂದೊಂದು ಸಂಜೆ ನಾನು ಭಾಯಿಯ ಅಂಗಡಿಯಲ್ಲಿದ್ದಾಗ ಕಾಕಾ ಗಿಟಾರಿನ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದರು. ನೆಟ್ಟಗೆ ಒಳಗೆ ಬಂದು, ತಮ್ಮ ಹಳೇ ಸ್ಟೂಲಿನ ಮೇಲೆ ಕುಳಿತು, ತಲೆಯನ್ನು ಒಂದು ಬದಿಗೆ ತಿರುಗಿಸಿ ಕಿವಿ ತೋರಿಸಿದರು. ಕಿವಿಯ ಹಿಂದೆ ಮೈಬಣ್ಣದ ಯಂತ್ರ.

“ಭಾಯಿ, ನನಗೂ ಪಿಕಪ್ ಕೂಡಿಸ್ಯಾರ ನೋಡು. ದಾವಣಗೆರಿ ಡಾಕ್ಟರು. ನಿನ್ನ ಆ ಬಿಲ್ಲೆ ಹಂಗ ಇದೂ ಚಾಡಿಕೋರ. ಅಂಗಿ ಸಪ್ಪಳನೂ ಹೇಳತೈತಿ, ಚಮಚಾ ಸಪ್ಪಳನೂ ಹೇಳತೈತಿ. ಮನಶಾರ ಮಾತು ಮಾತ್ರ ತಗಡಿನಂಗ ಮಾಡತೈತಿ.”

ಭಾಯಿ ಎದ್ದುಬಂದು ಆ ಯಂತ್ರವನ್ನು ಬಾಗಿ ನೋಡಿದರು. ತಮ್ಮ ಪೆಟ್ಟಿಗೆಗಳಲ್ಲಿ ಇನ್ನೊಂದು ಎಂಬಂತೆ ಅಷ್ಟೇ ಗಂಭೀರವಾಗಿ, ಕೂಗುತ್ತದೆಯೇ ಎಂದು ಕೇಳಿದರು. ಕೈ ಹತ್ತಿರ ಒಯ್ದರೆ ಕೂಗುತ್ತದೆ ಎಂದರು ಕಾಕಾ. ಅದು ಸರಿಯಾಗಿ ಕುಳಿತಿಲ್ಲ ಎಂದು ಭಾಯಿ ಮೆಲ್ಲಗೆ ಒತ್ತಿ ಕೂಡಿಸಿದರು. ಆಮೇಲೆ ಹೊರಗೆ ಹೋಗಿ ಮೂರು ಚಹಾ ಹೇಳಿ ಬಂದರು. ಎಲುಬು ನನ್ನದೇ ಎಂದು ಈಗ ನಂಬಿದ್ದೇನೆ, ಆದರೆ ನಾನು ಚಹಾಕ್ಕೆ ಹೋದಾಗ ನೀನು ಏನೋ ಒಂದು ಮಾಡಿರಲೇಬೇಕು ಎಂದು ಕಾಕಾ ಬಸಿಗೆ ಚಹಾ ಬಗ್ಗಿಸುತ್ತ ಹೇಳಿದರು. ಭಾಯಿ ಮಾಡಿದ್ದೇನೆ ಎಂದು ಒಪ್ಪಿಕೊಂಡು ನಕ್ಕರು.

ಆಮೇಲೆ ಕಾಕಾ ಯಂತ್ರವನ್ನು ಬಿಚ್ಚಿ ಅಂಗಿಯ ಜೇಬಿಗಿಟ್ಟುಕೊಂಡು, ಗಿಟಾರನ್ನು ತೊಡೆಗೇರಿಸಿ, ಅದರ ಹೆಗಲಿಗೆ ಗದ್ದ ಊರಿದರು. ಯಾವ ವೈರೂ ಇರಲಿಲ್ಲ. ನಾನು ಹಾಡಿದೆ. ನನ್ನ ದನಿ ಅವರಿಗೆ ಕೇಳಿಸಿತೋ ಇಲ್ಲವೋ, ಎಲ್ಲಿಯೂ ನನ್ನ ಕೈ ಬಿಡದಂತೆ ನುಡಿಸಿದರು. ಹಾಡು ಮುಗಿದ ಮೇಲೆ ಭಾಯಿ, ಆ ಪಟ್ಟಿಯನ್ನು ತೆಗೆದುಬಿಡಲೇ ಎಂದು ಕೈ ಸನ್ನೆ ಮಾಡಿ ಕೇಳಿದರು.

“ಇರ್ಲಿ ಬಿಡು,” ಎಂದರು ಕಾಕಾ. “ಮಂದಿಗೆ ಅದರಾಗ ಹೋಗ್ಲಿ. ನನಗ ಇಲ್ಲಿಂದ ಬರತೈತಿ.” ಗದ್ದವನ್ನು ಎರಡು ಬೆರಳಿನಿಂದ ತಟ್ಟಿ ತೋರಿಸಿದರು.

ಆಮೇಲಿನ ಭಾನುವಾರಗಳು ನನ್ನ ಬದುಕಿನ ಚಲೋ ಭಾನುವಾರಗಳು. ಅವನ್ನು ಬರೆಯಹೋದರೆ ಉದ್ದವಾದೀತು.

ಕಾಕಾನ ಮಣ್ಣಿಗೆ ಹೋಗಿಬಂದ ಮೂರನೆಯ ದಿನ ಭಾಯಿ ಮತ್ತು ನಾನು ಬ್ಯಾಡಗಿಯ ಅವರ ಮನೆಗೆ ಹೋಗಿದ್ದೆವು. ಮಗ ಗಿಟಾರನ್ನು ತಂದು ಭಾಯಿಯ ಕೈಯಲ್ಲಿಟ್ಟ. ಅದನ್ನು ಭಾಯಿಗೇ ಕೊಡಬೇಕು, ಆದರೆ ಆರೂ ತಂತಿ ಎಣಿಸಿ ತೋರಿಸಿ ಕೊಡಬೇಕು ಎಂದು ಅಪ್ಪ ಹೇಳಿಹೋಗಿದ್ದಾರೆ ಎಂದ. ನಾವು ಮೂವರೂ ನಕ್ಕೆವು, ಅಳುವ ಮನೆಯಲ್ಲಿ ನಗಬಾರದೆಂದು ಮತ್ತೆ ಸುಮ್ಮನಾದೆವು. ಭಾಯಿ ತಂತಿ ಎಣಿಸಲಿಲ್ಲ. ಗಿಟಾರಿನ ಹೆಗಲಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಅಲ್ಲಿ ಪಾಲಿಶು ಪೂರ್ತಿ ಹೋಗಿ, ಕಾಸಿನಗಲದಷ್ಟು ಬರೀ ಕಟ್ಟಿಗೆ ಕಾಣುತ್ತಿತ್ತು. ಮಗ ಒಳಗೆ ಹೋದ ಮೇಲೆ ನನಗೆ ಅದನ್ನು ತೋರಿಸಿದರು.

“ಇದನ್ನ ನಾ ಎಲಬು ತಗ್ಯಾಕ ತೊಡಿ ಮ್ಯಾಲ ಇಟಗೊಂಡಾಗನ ನೋಡಿದ್ನಿರಿ. ನಮ್ಮ ಅಬ್ಬಾನೂ ಕಡೀಕ ಕಿವಿ ಮಂದಾದ ಮ್ಯಾಲ ರೇಡಿಯೋಕ್ಕ ಹಿಂಗ ಗದ್ದ ಹಚ್ಚಿ ಕುಂದ್ರತಿದ್ದ.”

ಹಾಗಾದರೆ ಅಂದೇ, ಹಾವೇರಿಗೆ ಹೋಗುವ ಮೊದಲೇ, ಭಾಯಿಗೆ ಎಲ್ಲ ತಿಳಿದಿತ್ತು. ನನ್ನ ಹಳೇ ಗುಮಾನಿ ಮತ್ತೆ ತಲೆ ಎತ್ತಿತು. ಕಾಕಾನಿಗೂ ಗೊತ್ತಿತ್ತೇ, ಗೊತ್ತಿದ್ದೂ ಕಳ್ಳ ಅಂದರೇ ಎಂದು ಕೇಳಿದೆ.

“ಗದ್ದಕ್ಕ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ರಿ.”

ಮತ್ತೆ ಹಾವೇರಿಯಲ್ಲಿ ಕಳ್ಳ ಅನ್ನಿಸಿಕೊಂಡು ಸುಮ್ಮನೆ ಯಾಕೆ ನಿಂತಿರಿ, ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದೆ. ಭಾಯಿ ಗಿಟಾರನ್ನು ಚೀಲದೊಳಗೆ ಇಳಿಸಿ, ಜಿಪ್ಪು ಎಳೆದು, ಆಮೇಲೆ ಹೇಳಿದರು:

“ಮುಂದಿನ ಸಾಲಿನ್ಯಾಗ ಪೂರಾ ಬ್ಯಾಡಗಿ ಪ್ಯಾಟಿ ಕುಂತಿತ್ತಲ್ರಿ ಅಕ್ಕೋರ.”